ಪಡುವಣ ಗಾಳಿಗೆ ಎಂಥ ಕಿಟಕಿ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ ನಮ್ಮ ಕಾಫಿ ತೋಟದ ದಿಬ್ಬದ ಮೇಲೆ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಕಿಟಕಿಯ ಕೆಳಮಟ್ಟಕ್ಕೆ ಬಂದು ನಿಂತಿದೆ. ಪಶ್ಚಿಮಕ್ಕೆ ಕಣಿವೆ ಕಾಣುತ್ತದೆ ಅಂತ ಆ ಕಡೆ ಎಂಟಡಿ ಅಗಲದ ಸ್ಲೈಡಿಂಗ್ ಕಿಟಕಿ ಇಡಬೇಕೆಂದು ಮಕ್ಕಳ ಆಸೆ. ನನ್ನ ತಮ್ಮ ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾನೆ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಬಂದುಹೋದ ಮೇಲೆ ಅವನೂ ಮನೆಯ ಕಿಟಕಿಗಳನ್ನು ಬದಲಾಯಿಸಲು ಹೊರಟಿದ್ದಾನೆ. 'ಇಂಪ್ಯಾಕ್ಟ್ ಗಾಜಿನ ಕಿಟಕಿ ಹಾಕಿಸು, ಚಂಡಮಾರುತಕ್ಕೇ ಜಗ್ಗಲ್ಲ, ನಿನ್ನ ಮಳೆ ಯಾವ ಲೆಕ್ಕ' ಅನ್ನುತ್ತಾನೆ. ಸ್ಲೈಡಿಂಗ್ ಸರಿಯೋ, ತೆರೆಯುವ ಬಾಗಿಲಿನ ಕಿಟಕಿ ಸರಿಯೋ? ಅವನ ಮಾತು ಕೇಳಬಹುದೇ?

ಉತ್ತರ: ಗೋಡೆ ಇನ್ನೂ ಕಿಟಕಿಯ ಕೆಳಮಟ್ಟದಲ್ಲಿ ಇರುವಾಗಲೇ ಕೇಳಿದ್ದೀರಿ, ಒಳ್ಳೆಯದಾಯಿತು. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮೊದಲ ಆಷಾಢ ಕಳೆದ ಮೇಲೆ, ನೆಲದ ಮರದ ಹಾಸು ಉಬ್ಬಿದ ಮೇಲೆ ಬರುತ್ತವೆ.

ನಿಮ್ಮ ತಮ್ಮ ಹೇಳಿದ್ದು ಅವರ ಊರಿಗೆ ಸರಿ. ನಿಮ್ಮ ದಿಬ್ಬಕ್ಕೆ ಅರ್ಧ ಸರಿ. ಆ ಅರ್ಧ ಯಾವುದು ಎಂದು ತಿಳಿಯಲು ಅವರ ಕಿಟಕಿಗಳು ಯಾಕೆ ಹಾಗಿವೆ ಅನ್ನುವುದನ್ನು ಮೊದಲು ನೋಡಬೇಕು.

1992ರ ಆಗಸ್ಟ್ 24ರಂದು ಆಂಡ್ರೂ ಎಂಬ ಚಂಡಮಾರುತ ಅದೇ ಫ್ಲಾರಿಡಾದ ಮಯಾಮಿ ನಗರದ ದಕ್ಷಿಣಕ್ಕೆ ಬಂದು ಹೊಡೆಯಿತು. ಐದನೇ ದರ್ಜೆಯದು. ಆ ದರ್ಜೆ ಶುರುವಾಗುವುದೇ ಗಂಟೆಗೆ 252 ಕಿಲೋಮೀಟರ್ ವೇಗದಿಂದ. ಸಾವಿರಾರು ಮನೆ ಬಿದ್ದವು. ಅವು ಬಿದ್ದ ಬಗೆಯಲ್ಲಿ ಎಂಜಿನಿಯರುಗಳು ಮತ್ತೆ ಮತ್ತೆ ಒಂದೇ ಕ್ರಮ ಕಂಡರು. ಹಾರಿಬಂದ ಹೆಂಚು, ಹಲಗೆ, ಮರದ ತುಂಡು ಮೊದಲು ಕಿಟಕಿಯನ್ನೋ ಗ್ಯಾರೇಜ್ ಬಾಗಿಲನ್ನೋ ಒಡೆಯುತ್ತಿತ್ತು. ಆ ತೂತಿನಿಂದ ನುಗ್ಗಿದ ಗಾಳಿ ಮನೆಯನ್ನು ಬಲೂನಿನಂತೆ ಒಳಗಿನಿಂದ ಉಬ್ಬಿಸುತ್ತಿತ್ತು. ಮೇಲೆ ಹೊರಗಾಳಿ ಮಾಡನ್ನು ಎಳೆಯುತ್ತಿದ್ದರೆ ಕೆಳಗಿನಿಂದ ಒಳಗಾಳಿ ಅದನ್ನೇ ನೂಕುತ್ತಿತ್ತು. ಎರಡೂ ಸೇರಿದಾಗ ಮಾಡು ಎದ್ದು ಹೋಗುತ್ತಿತ್ತು, ಮಾಡು ಹೋದ ಮೇಲೆ ಗೋಡೆ ನಿಲ್ಲುತ್ತಿರಲಿಲ್ಲ. ಅಲ್ಲಿಂದ ಮುಂದೆ ಆ ಭಾಗದಲ್ಲಿ ನಿಯಮ ಬಿಗಿಯಾಯಿತು, 2002ರಲ್ಲಿ ಇಡೀ ಫ್ಲಾರಿಡಾಕ್ಕೆ ಒಂದೇ ಕಟ್ಟಡ ನಿಯಮ ಬಂತು.

ಆ ನಿಯಮದಂತೆ ಕಿಟಕಿಗಳಿಗೆ ಮಾಡುವ ಮಯಾಮಿ ಪರೀಕ್ಷೆ ಹೇಗಿರುತ್ತದೆ ಗೊತ್ತೇ? ಸುಮಾರು 4.1 ಕೆಜಿ ತೂಕದ ಮರದ ರೀಪನ್ನು ಗಾಳಿಫಿರಂಗಿಯಲ್ಲಿಟ್ಟು, ತುದಿ ಮುಂದಾಗಿ, ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ. ಗಾಜು ಬಿರುಕು ಬಿಡಬಹುದು, ತೂತಾಗಬಾರದು. ಅದೇ ಒಡಕು ಗಾಜನ್ನು ಮತ್ತೆ ಒಳಕ್ಕೂ ಹೊರಕ್ಕೂ 9,000 ಸಲ ಗಾಳಿಯ ಒತ್ತಡದಿಂದ ದಬ್ಬಿ ಎಳೆಯುತ್ತಾರೆ. ಆಮೇಲೂ ಅದು ಚೌಕಟ್ಟಿನಲ್ಲೇ ಕೂತಿದ್ದರೆ ಪಾಸು. ಇದು ಮನೆಯೊಳಗಿನವರ ಜೀವ ಉಳಿಸುವ ಪರೀಕ್ಷೆ, ನನಗೆ ಅದರ ಬಗ್ಗೆ ತುಂಬ ಗೌರವ.

ಆದರೆ ಆ ದೇಶದ ಕಿಟಕಿಗಳಿಗೆ ನೀರಿನ ಪರೀಕ್ಷೆಯೂ ಒಂದಿದೆ. ಅದರ ಮಟ್ಟ ಕೇಳಿದರೆ ನಮ್ಮ ಮಲೆನಾಡಿನವರು ಎದ್ದು ಕೂರಬೇಕು. ಸಾಮಾನ್ಯ ಮನೆಕಿಟಕಿಯನ್ನು ಅದು ತಾಳಬೇಕಾದ ಗಾಳಿ ಒತ್ತಡದ ಶೇಕಡಾ 15ರಷ್ಟರಲ್ಲಿ ಮಾತ್ರ ನೀರು ಹಾಯಿಸಿ ನೋಡುತ್ತಾರೆ. ಅಲ್ಲಿ ಚೆನ್ನಾಗಿ ಗಟ್ಟಿ ಎನಿಸಿಕೊಂಡ 'ಡಿಪಿ 50' ಕಿಟಕಿಯನ್ನೇ ತೆಗೆದುಕೊಳ್ಳಿ. ಡಿಪಿ ಎಂದರೆ ಡಿಸೈನ್ ಪ್ರೆಶರ್, ಕಿಟಕಿ ತಾಳಬೇಕಾದ ಗಾಳಿ ಒತ್ತಡ. ಒಂದು ಚದರ ಮೀಟರ್‌ಗೆ ಸುಮಾರು 244 ಕೆಜಿ ಒತ್ತಡಕ್ಕೆ ಅದರ ವಿನ್ಯಾಸ. ನೀರಿನ ಪರೀಕ್ಷೆ ಮಾತ್ರ ಸುಮಾರು 37 ಕೆಜಿಯದು, ಅಂದರೆ ಗಂಟೆಗೆ 88 ಕಿಲೋಮೀಟರ್ ಗಾಳಿಯ ಲೆಕ್ಕ. ಅದಕ್ಕೂ ಮೇಲೆ ಗಾಳಿ ಎದ್ದರೆ ಕಿಟಕಿ ಒಡೆಯುವುದಿಲ್ಲ, ನೀರು ಒಳಗೆ ಬರಬಹುದು. ಅಲ್ಲಿಯವರಿಗೆ ಅದು ಸಹ್ಯ. ಚಂಡಮಾರುತ ಒಂದು ರಾತ್ರಿಯ ಮಾತು, ಬೆಳಗ್ಗೆ ನೆಲ ಒರೆಸಿಕೊಳ್ಳುತ್ತಾರೆ. ನಮಗೆ ಆರಿದ್ರಾದಲ್ಲಿ ಶುರುವಾಗಿ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೂ ಅದೇ ಗೋಡೆಗೆ, ಅದೇ ದಿಕ್ಕಿನಿಂದ ಇರಚಲು ಹೊಡೆಯುತ್ತದೆ. ಅವರ ಕಿಟಕಿ ಏಟು ತಾಳಬೇಕು. ನಮ್ಮದು ನೀರು ತಡೆಯಬೇಕು. ಇಷ್ಟನ್ನು ಗಟ್ಟಿಯಾಗಿ ಹಿಡಿದರೆ ಸ್ಲೈಡಿಂಗೋ ಅಲ್ಲವೋ ಎಂಬುದಕ್ಕೆ ಉತ್ತರ ತಾನಾಗಿ ಬರುತ್ತದೆ.

ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯನ್ನು ಒಂದು ಪುಟ್ಟ ತೊಟ್ಟಿ ಎಂದುಕೊಳ್ಳಿ. ಗಾಜಿನ ಮೇಲೆ ಇಳಿದ ನೀರೆಲ್ಲ ಅದಕ್ಕೆ ಬೀಳುತ್ತದೆ, ಹೊರಗಿನ ಸಣ್ಣ ತೂತುಗಳಿಂದ ಹರಿದುಹೋಗಬೇಕು. ಒಳಬದಿಯಲ್ಲಿ ಒಂದು ಅಂಚು ಎದ್ದು ನಿಂತಿರುತ್ತದೆ, ಮನೆಯನ್ನು ಕಾಯುವುದು ಆ ಅಂಚೊಂದೇ. ಹೊರಗಿನ ಗಾಳಿ ತೂತುಗಳ ಮೇಲೆ ಒತ್ತಿದಾಗ ನೀರು ಹೊರಗೆ ಹೋಗಲಾರದೆ ತೊಟ್ಟಿಯಲ್ಲಿ ಏರುತ್ತದೆ. ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಬಹುದು. ಗಂಟೆಗೆ 40 ಕಿಲೋಮೀಟರ್ ಗಾಳಿ ಎದುರು ನಿಂತರೆ ನೀರನ್ನು ಸುಮಾರು 7ರಿಂದ 8 ಮಿಲಿಮೀಟರ್ ಎತ್ತುತ್ತದೆ. 60 ಕಿಲೋಮೀಟರ್ ಆದರೆ 17 ಮಿಲಿಮೀಟರ್. 80 ಆದರೆ 30. ಪೇಟೆಯಲ್ಲಿ ಸಿಗುವ ಸಾಧಾರಣ ಹಳಿಯ ಒಳ ಅಂಚನ್ನು ಅಡಿಪಟ್ಟಿ ಇಟ್ಟು ಅಳೆದು ನೋಡಿ. ಅದು 20 ಮಿಲಿಮೀಟರ್ ಇದ್ದರೆ, ಗಂಟೆಗೆ 65 ಕಿಲೋಮೀಟರ್ ಗಾಳಿ ಬೀಸಿದ ರಾತ್ರಿ ನೀರು ಅಂಚು ಹಾರಿ ಒಳಗೆ ಬರುತ್ತದೆ. ತಯಾರಕರ ತಪ್ಪೂ ಅಲ್ಲ, ಜೋಡಿಸಿದವನ ತಪ್ಪೂ ಅಲ್ಲ. ನೀರು ತನ್ನ ನಿಯಮದಂತೆ ನಡೆದುಕೊಳ್ಳುತ್ತದೆ.

ಇನ್ನೊಂದು ತೊಡಕು: ಸ್ಲೈಡಿಂಗ್ ರೆಕ್ಕೆ ಜಾರಬೇಕಾದ್ದರಿಂದ ಅದರ ಸುತ್ತ ರಬ್ಬರನ್ನು ಅದುಮಿ ಕೂರಿಸಲು ಬರುವುದಿಲ್ಲ. ಉಣ್ಣೆಯಂಥ ಬ್ರಷ್ ಪಟ್ಟಿ ಇಡುತ್ತಾರೆ. ಅದು ದೂಳು ತಡೆಯುತ್ತದೆ, ಮಂಜು ಮತ್ತು ಗಾಳಿ ಅದರೊಳಗೆ ಸಲೀಸಾಗಿ ನುಸುಳುತ್ತವೆ. ಕೆಲಸಕ್ಕಿಳಿದ ಮೊದಲ ವರ್ಷಗಳಲ್ಲಿ ಹಾನುಬಾಳು ಕಡೆಯ ಒಂದು ಮನೆಗೆ ನಾನೇ ಪಶ್ಚಿಮದ ಗೋಡೆಯಲ್ಲಿ ದೊಡ್ಡ ಸ್ಲೈಡಿಂಗ್ ಕಿಟಕಿ ಬರೆದುಕೊಟ್ಟಿದ್ದೆ. ಆ ಜುಲೈನಲ್ಲಿ ಮನೆಯ ಅಜ್ಜಿ ರಾತ್ರಿಯೆಲ್ಲ ಹಳೇ ಸೀರೆಗಳನ್ನು ಹಳಿಗೆ ಒತ್ತಿ, ಹಿಂಡಿ, ಮತ್ತೆ ಒತ್ತುತ್ತಾ ಕೂತಿದ್ದರಂತೆ. ಅದನ್ನು ಕೇಳಿದ ದಿನದಿಂದ ಮಲೆನಾಡಿನಲ್ಲಿ ಪಶ್ಚಿಮ, ನೈಋತ್ಯ ಮುಖಕ್ಕೆ ನಾನು ಸ್ಲೈಡಿಂಗ್ ಬರೆದಿಲ್ಲ.

ಹೊರಕ್ಕೆ ತೆರೆಯುವ ರೆಕ್ಕೆ ಇದಕ್ಕೆ ತದ್ವಿರುದ್ಧ. ಪೇಟೆಯಲ್ಲಿ ಕೇಸ್‌ಮೆಂಟ್ ಅನ್ನುತ್ತಾರೆ. ನಮ್ಮ ಹಳೇ ಮನೆಗಳ ಜೋಡಿಬಾಗಿಲ ಕಿಟಕಿಯೂ ಇದೇ ಜಾತಿ. ಮುಚ್ಚಿದಾಗ ರೆಕ್ಕೆ ಹೊರಗಿನಿಂದ ಚೌಕಟ್ಟಿನ ಮೇಲೆ ಕೂರುತ್ತದೆ. ಗಾಳಿ ಎಷ್ಟು ಜೋರಾಗಿ ಒತ್ತುತ್ತದೋ ರೆಕ್ಕೆ ಅಷ್ಟೇ ಬಿಗಿಯಾಗಿ ರಬ್ಬರಿಗೆ ಅಂಟುತ್ತದೆ. ಅದೇ ರೆಕ್ಕೆ ಒಳಕ್ಕೆ ತೆರೆಯುವಂಥದ್ದಾದರೆ ಗಾಳಿ ಅದನ್ನು ರಬ್ಬರಿನಿಂದ ದೂರ ತಳ್ಳುತ್ತದೆ, ಭಾರವೆಲ್ಲ ಚಿಲಕದ ಮೇಲೆ. ಆದ್ದರಿಂದ ದಿಕ್ಕು ಮುಖ್ಯ: ಹೊರಕ್ಕೇ ತೆರೆಯಲಿ. ನಮ್ಮಲ್ಲಿ ಗ್ರಿಲ್ಲು, ಸೊಳ್ಳೆಪರದೆ ಎರಡೂ ಒಳಬದಿಗೆ ಇರುವುದರಿಂದ ಇದು ಹೊಂದಿಕೊಳ್ಳುತ್ತದೆ. ಒಂದೇ ಒಂದು ಹಿಡಿಯ ಬದಲು ಮೇಲೆ, ನಡುವೆ, ಕೆಳಗೆ ಮೂರು ಕಡೆ ಒಟ್ಟಿಗೆ ಕಚ್ಚುವ ಬೀಗ ಕೇಳಿ. ಒಂದೇ ಕಡೆ ಕಚ್ಚಿದರೆ ರೆಕ್ಕೆಯ ಮೂಲೆ ಬಾಗಿ ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ.

ಇದಕ್ಕೂ ಒಂದು ಕೊರತೆ ಇದೆ. ತೆರೆದಿಟ್ಟಾಗ ಗಾಳಿ ಎದ್ದರೆ ರೆಕ್ಕೆ ಬಡಿದು ಹಿಂಜಿನಿಂದ ಕಿತ್ತುಬರುತ್ತದೆ. ಹಾಗಾಗಿ ರೆಕ್ಕೆ ಎರಡೂಕಾಲು ಅಡಿಗಿಂತ ಅಗಲ ಬೇಡ, ಮತ್ತು ತೆರೆದ ಜಾಗದಲ್ಲೇ ಹಿಡಿದು ನಿಲ್ಲಿಸುವ ಘರ್ಷಣೆಯ ಹಿಂಜು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಮರದ ಕಿಟಕಿಯಾದರೆ ಅಜ್ಜನ ಕಾಲದ ಕೊಂಡಿಯೇ ಸಾಕು, ಆದರೆ ಅದನ್ನು ಹಾಕುವ ಅಭ್ಯಾಸ ಮನೆಯವರಿಗೆಲ್ಲ ಇರಬೇಕು.

ಮಕ್ಕಳ ಆಸೆಗೂ ದಾರಿ ಇದೆ. ಕಣಿವೆ ಕಾಣಬೇಕೆಂದರೆ ಕಿಟಕಿ ತೆರೆಯಲೇಬೇಕೆಂದಿಲ್ಲ. ಆ ಎಂಟಡಿಯನ್ನು ಮೂರು ಪಾಲು ಮಾಡಿ. ನಡುವೆ ಮೂರೂವರೆ ಅಡಿಯ ಸ್ಥಿರ ಗಾಜು, ಅಕ್ಕಪಕ್ಕ ಎರಡೂಕಾಲು ಅಡಿಯ ಎರಡು ರೆಕ್ಕೆ. ಮಲೆನಾಡಿನಲ್ಲೂ ಫ್ಲಾರಿಡಾದಲ್ಲೂ ಅತ್ಯಂತ ಗಟ್ಟಿ ಕಿಟಕಿ ಎಂದರೆ ತೆರೆಯದ ಕಿಟಕಿಯೇ. ಮಲಗುವ ಕೋಣೆಯಲ್ಲಿ ಮಾತ್ರ ಎಲ್ಲವನ್ನೂ ಸ್ಥಿರ ಮಾಡಬೇಡಿ. ಬೆಂಕಿ ಬಿದ್ದರೆ ಹೊರಬರಲು ಒಂದು ರೆಕ್ಕೆಯೂ, ಅದರ ಹಿಂದೆ ಒಳಗಿನಿಂದ ತೆಗೆಯಬಹುದಾದ ಗ್ರಿಲ್ಲೂ ಇರಬೇಕು.

ಮೇಲ್ಗಡೆ ಹಿಂಜಿದ್ದು ಕೆಳತುದಿ ಹೊರಕ್ಕೆ ತೆರೆಯುವ ಕಿಟಕಿಯನ್ನು ನಮ್ಮಲ್ಲಿ ಬಚ್ಚಲಿಗೆ ಮಾತ್ರ ಹಾಕುತ್ತಾರೆ. ಅದು ಇನ್ನೂ ಹೆಚ್ಚು ಕಡೆ ಬೇಕು ಎಂದು ನನ್ನ ಬಲವಾದ ಅಭಿಪ್ರಾಯ. ಮಳೆಗಾಲದಲ್ಲಿ ಮನೆ ಮುಚ್ಚಿಟ್ಟರೆ ಬೀರುವಿನ ಬಟ್ಟೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ತೆರೆದರೆ ಇರಚಲು. ಈ ಕಿಟಕಿ ತೆರೆದಾಗ ತಾನೇ ಒಂದು ಸಣ್ಣ ಸಜ್ಜಾ ಆಗುತ್ತದೆ, ಒಂದು ಗೇಣು ತೆರೆದಿಟ್ಟರೂ ನೇರ ಮಳೆ ಒಳಬರುವುದಿಲ್ಲ. ಅಡುಗೆಮನೆ, ಬಟ್ಟೆ ಒಣಗಿಸುವ ಕೋಣೆ, ಮಲಗುವ ಕೋಣೆಯ ಪೂರ್ವ ಅಥವಾ ಉತ್ತರ ಗೋಡೆ, ಇಲ್ಲೆಲ್ಲ ಒಂದೊಂದು ಇಡಿಸಿ. ಗಾಳಿಪಟ್ಟಿಗಳ ಲೂವರ್ ಕಿಟಕಿ ಮಾತ್ರ ಎಲ್ಲಿಯೂ ಬೇಡ. ಪಟ್ಟಿ ಪಟ್ಟಿಯ ನಡುವೆಯೂ ಸಂದು, ಎಷ್ಟು ಮುಚ್ಚಿದರೂ ಅದು ಮುಚ್ಚಿದ ಕಿಟಕಿಯಲ್ಲ.

ಈಗ ಗಾಳಿಯ ಬಲ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ, 2015ರ ಆವೃತ್ತಿಯಲ್ಲಿ, ಊರೂರಿನ ಮೂಲ ಗಾಳಿವೇಗ ಕೊಟ್ಟಿದ್ದಾರೆ. ಚೆನ್ನೈಗೆ ಸೆಕೆಂಡಿಗೆ 50 ಮೀಟರ್, ಮಂಗಳೂರಿಗೆ 39, ಬೆಂಗಳೂರಿಗೆ 33. ನಾವು ಮಂಗಳೂರು ಬೆಂಗಳೂರುಗಳ ನಡುವೆ ಇರುವವರು. ಸಣ್ಣ ಸಂಖ್ಯೆಯನ್ನೇ ಹಿಡಿದರೂ 33 ಮೀಟರ್ ಗಾಳಿ ಒಂದು ಚದರ ಮೀಟರಿಗೆ 67 ಕೆಜಿಯಷ್ಟು ಒತ್ತುತ್ತದೆ. ಆದರೆ ಅದು ಬಯಲಿನ ಲೆಕ್ಕ. ಗಾಳಿ ಇಳಿಜಾರು ಹತ್ತಿ ದಿಬ್ಬದ ನೆತ್ತಿಗೆ ಬರುವಾಗ ಹಿಂಡಿಕೊಂಡು ವೇಗ ಪಡೆಯುತ್ತದೆ. ಅದೇ ಮಾನಕ ನೆತ್ತಿಯ ಮನೆಗಳಿಗೆ ಆ ವೇಗವನ್ನು 1.36ರವರೆಗೂ ಗುಣಿಸಲು ಹೇಳುತ್ತದೆ. ಒತ್ತಡ ವೇಗದ ವರ್ಗದಂತೆ ಏರುವುದರಿಂದ 67 ಕೆಜಿ ಇದ್ದದ್ದು 123 ಕೆಜಿಯವರೆಗೂ ಹೋಗಬಹುದು. ನಿಮ್ಮ ಮಕ್ಕಳು ಕೇಳಿದ ಎಂಟಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಕಿಟಕಿಯ ಮೇಲೆ ಬೀಳುವ ಭಾರ ಆಗ ನಾಲ್ಕು ಕ್ವಿಂಟಲ್ ದಾಟುತ್ತದೆ. ಐವತ್ತು ಕೆಜಿಯ ಎಂಟು ಕಾಫಿ ಮೂಟೆಗಳನ್ನು ಆ ಗಾಜಿಗೆ ಒರಗಿಸಿದ ಹಾಗೆ. ಮನೆಯನ್ನು ನೆತ್ತಿಯಿಂದ ಇಪ್ಪತ್ತು ಅಡಿ ಪೂರ್ವದ ಇಳಿಜಾರಿಗೆ ಸರಿಸಿದ್ದರೆ ಎಷ್ಟೋ ಅನುಕೂಲವಿತ್ತು. ಪಾಯ ಆಗಿಹೋಗಿದೆ, ಇರಲಿ. ಐದನೇ ದರ್ಜೆಯ ಚಂಡಮಾರುತದ ಒತ್ತಡ ಇದೇ ಲೆಕ್ಕದಲ್ಲಿ 300 ಕೆಜಿಯಿಂದ ಶುರು, ಅಂದರೆ ನಿಮ್ಮ ಗಾಳಿ ಅದಕ್ಕೆ ಸಮವಲ್ಲ. ಆದರೂ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ತಂದ ಕಿಟಕಿಯನ್ನು ಹಾಗೇ ತಂದು ಕೂರಿಸುವ ಜಾಗ ಅದಲ್ಲ.

ಗಾಜಿನ ವಿಷಯದಲ್ಲಿ ನಿಮ್ಮ ತಮ್ಮನ ಮಾತು ಅರ್ಧ ಸರಿ ಎಂದೆನಲ್ಲ, ಆ ಅರ್ಧ ಇಲ್ಲಿದೆ. ಇಂಪ್ಯಾಕ್ಟ್ ಗಾಜು ಎಂದರೆ ಎರಡು ಗಾಜಿನ ನಡುವೆ ದಪ್ಪನೆಯ ಪ್ಲಾಸ್ಟಿಕ್ ಪದರ ಅಂಟಿಸಿದ್ದು, ಕಾರಿನ ಮುಂದಿನ ಗಾಜಿನ ಜಾತಿ. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತವೆ. ಟಫನ್ಡ್ ಗಾಜು ಸಾಧಾರಣ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ ನಿಜ, ಆದರೆ ಒಡೆದ ಕ್ಷಣ ಸಕ್ಕರೆಯಂತೆ ಪುಡಿಯಾಗಿ ಉದುರಿ ಇಡೀ ಕಿಟಕಿ ತೆರೆದುಹೋಗುತ್ತದೆ. ನಿಮ್ಮದು ತೋಟದ ಮನೆ. ಸುತ್ತ ಸಿಲ್ವರ್ ಓಕ್ ಇದ್ದೇ ಇರುತ್ತದೆ. ಅದರ ಕೊಂಬೆ ಎಷ್ಟು ಸುಲಭವಾಗಿ ಮುರಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮಾಡಿಗೆ ಶೀಟು ಹಾಕುವ ಯೋಚನೆ ಇದ್ದರಂತೂ ಆಂಡ್ರೂ ಕಲಿಸಿದ ಪಾಠ ನಿಮಗೂ ಅನ್ವಯ: ಪಶ್ಚಿಮದ ಗಾಜು ಒಡೆದರೆ ಶೀಟು ಏಳುತ್ತದೆ. ಆದ್ದರಿಂದ ಪಶ್ಚಿಮ ಮತ್ತು ದಕ್ಷಿಣದ ಕಿಟಕಿಗಳಿಗೆ, ಮುಖ್ಯವಾಗಿ ನಡುವಿನ ಸ್ಥಿರ ಗಾಜಿಗೆ, ಇಂಥ ಪದರದ ಗಾಜು, ಅಂದರೆ ಲ್ಯಾಮಿನೇಟೆಡ್ ಹಾಕಿಸಿ. ಮಯಾಮಿಯ ದಪ್ಪ ಬೇಡ. ಎರಡು ಗಾಜಿನ ನಡುವಿನ ಪದರ 1.52 ಮಿಲಿಮೀಟರ್ ಇದ್ದರೆ ನಮ್ಮ ಕೊಂಬೆಗಳಿಗೆ ಒಳ್ಳೆಯ ಕಾವಲು. ಉಳಿದ ದಿಕ್ಕುಗಳಿಗೆ 5 ಮಿಲಿಮೀಟರ್ ಟಫನ್ಡ್ ಸಾಕು, ಹಣ ಅಲ್ಲಿ ಉಳಿಸಿ. ಮನೆಯಿಂದ ಒಂದು ಮರದ ಎತ್ತರದಷ್ಟು ದೂರದೊಳಗಿನ ಸಿಲ್ವರ್ ಓಕ್‌ಗಳ ಕೊಂಬೆಗಳನ್ನು ಏಪ್ರಿಲ್‌ನಲ್ಲೇ ಸವರಿಸಿ.

ಎಷ್ಟು ಒಳ್ಳೆಯ ಕಿಟಕಿ ತಂದರೂ ಅದನ್ನು ಗೋಡೆಗೆ ಕೂರಿಸುವಾಗ ಕೆಡಿಸುವವರು ಬಹಳ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಚೌಕಟ್ಟನ್ನು ಬರೀ ನೊರೆ ಮತ್ತು ಸಿಲಿಕೋನಿನಲ್ಲಿ ಅಂಟಿಸಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಮೂಲೆಯಿಂದ ಒಂದು ಗೇಣಿನೊಳಗೆ ಒಂದು, ಆಮೇಲೆ ಪ್ರತಿ ಎರಡಡಿಯೊಳಗೆ ಒಂದರಂತೆ ಗೋಡೆಯೊಳಕ್ಕೆ ಆಂಕರ್ ಸ್ಕ್ರೂ ಹೋಗಬೇಕು. ಯುಪಿವಿಸಿ ಒಳಗೆ ಕಬ್ಬಿಣದ ಪಟ್ಟಿ ಇದೆಯೇ ಎಂದು ಒಂದು ತುಂಡು ಕತ್ತರಿಸಿ ತೋರಿಸಲು ಕೇಳಿ. ಆಯಸ್ಕಾಂತ ಹಿಡಿದು ನೋಡಿದರೂ ಗೊತ್ತಾಗುತ್ತದೆ. ನೀರು ಹೋಗುವ ತೂತುಗಳನ್ನು ಗಾರೆಯವರು ಪ್ಲಾಸ್ಟರ್ ಮಾಡುವಾಗ ಸಿಮೆಂಟ್ ಮೆತ್ತಿ ಮುಚ್ಚಿಬಿಡುತ್ತಾರೆ. ಮುಂದೆ ನಿಂತು ನೋಡಿಕೊಳ್ಳಿ. ಕಿಟಕಿಯ ಕೆಳಗಿನ ಕಲ್ಲು ಹೊರಕ್ಕೆ ಇಳಿಜಾರಿರಲಿ, ಗೋಡೆಯಿಂದ ಎರಡು ಇಂಚು ಮುಂದೆ ಚಾಚಿರಲಿ, ಅಡಿಯಲ್ಲಿ ನೀರು ಕಡಿದು ಬೀಳುವಂತೆ ಒಂದು ಗೀರು ಇರಲಿ. ಆ ಗೀರು ಇಲ್ಲದಿದ್ದರೆ ನೀರು ಕಲ್ಲಿನ ಅಡಿ ಹಿಡಿದು ವಾಪಸು ಗೋಡೆಗೆ ಬರುತ್ತದೆ.

ಮರವೇ ಬೇಕೆಂದರೆ ನನ್ನ ಅಡ್ಡಿಯಿಲ್ಲ, ನನಗೂ ಮರವೇ ಇಷ್ಟ. ಚೆನ್ನಾಗಿ ಒಣಗಿದ ಸಾಗುವಾನಿ, ಇಲ್ಲವೇ ನಿಮ್ಮದೇ ತೋಟದ ಹಲಸು. ಆದರೆ ಫೆಬ್ರವರಿಯಲ್ಲಿ ಬಿಗಿಯಾಗಿ ಕೂರಿಸಿದ ರೆಕ್ಕೆ ಜುಲೈನಲ್ಲಿ ಉಬ್ಬಿ ತೆರೆಯಲು ಬರುವುದಿಲ್ಲ, ಬಡಗಿಗೆ ಹೇಳಿ ಸುತ್ತ ಸಂದು ಬಿಡಿಸಿ, ಆ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ರೆಕ್ಕೆಯ ಕೆಳಗಿನ ಅಂಚಿಗೂ ಮರೆಯದೆ ಎಣ್ಣೆ ಅಥವಾ ಬಣ್ಣ ಹೊಡೆಸಿ. ಮರ ಕೊಳೆಯುವುದು ಅಲ್ಲಿಂದಲೇ.

ಸಜ್ಜಾ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಸಾಧಾರಣ ಮಳೆಹನಿ ಸೆಕೆಂಡಿಗೆ ಆರೇಳು ಮೀಟರ್ ವೇಗದಲ್ಲಿ ಇಳಿಯುತ್ತದೆ. ಗಾಳಿ ಅದನ್ನು ಅಡ್ಡಕ್ಕೆ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್, ಒಯ್ಯುತ್ತಿದ್ದರೆ ಎರಡಡಿಯ ಸಜ್ಜಾ ಕಾಯುವುದು ತನ್ನ ಕೆಳಗಿನ ಒಂದೂಕಾಲು ಅಡಿಯನ್ನು ಮಾತ್ರ. ನಾಲ್ಕೂವರೆ ಅಡಿ ಕಿಟಕಿಯ ಮುಕ್ಕಾಲು ಪಾಲು ನೆನೆಯುತ್ತದೆ. ನಮ್ಮ ಹಿರಿಯರು ಮಾಡನ್ನು ತಗ್ಗಿಸಿ, ಜಗಲಿಯನ್ನು ಅಗಲ ಮಾಡಿ, ಪಡುವಣಕ್ಕೆ ಸಣ್ಣ ಕಿಟಕಿ ಇಟ್ಟು, ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಬಡತನಕ್ಕಲ್ಲ. ನಿಮ್ಮ ಪಶ್ಚಿಮದ ಗೋಡೆಗೆ ಆರಡಿಯ ಜಗಲಿ ಕೊಡಲು ಜಾಗವಿದ್ದರೆ ಕೊಡಿ. ಕಿಟಕಿಗೆ ಹಾಕುವ ಹಣದಲ್ಲಿ ಒಂದು ಪಾಲು ಆ ಮಾಡಿಗೆ ಹೋದರೂ ನಷ್ಟವಿಲ್ಲ, ಮುಂಗಾರಿನಲ್ಲಿ ಕೂತು ಕಣಿವೆ ನೋಡಲು ಒಂದು ಜಾಗವೂ ಆಯಿತು.

ಇದೆಲ್ಲ ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಮಾತು. ಅರಸೀಕೆರೆ, ಕಡೂರು ಕಡೆಯವರು ಇದನ್ನು ಓದುತ್ತಿದ್ದರೆ ಇಷ್ಟೆಲ್ಲ ಖರ್ಚು ಬೇಡ. ಅಲ್ಲಿ ಕಷ್ಟ ಕೊಡುವುದು ಏಪ್ರಿಲ್ ಮೇ ತಿಂಗಳ ಗುಡುಗಿನ ಬಿರುಗಾಳಿ ಮತ್ತು ದೂಳು, ಅರ್ಧ ಗಂಟೆಯ ಆಟ. ಸಜ್ಜಾ ಕೆಳಗೆ ಸ್ಲೈಡಿಂಗ್ ಕಿಟಕಿ ನಡೆಯುತ್ತದೆ.

ನಿಮ್ಮ ತಮ್ಮನಿಗೆ ಹೀಗೆ ಹೇಳಿ. ಟ್ಯಾಂಪಾದ ಮನೆಗೆ ಇಂಪ್ಯಾಕ್ಟ್ ಕಿಟಕಿ ಖಂಡಿತ ಹಾಕಿಸಲಿ. ಅಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಇರುವುದು ಮೇಲೆ ಕೆಳಗೆ ಜಾರುವ ರೆಕ್ಕೆಗಳು. ಒಂದೇ ದರ್ಜೆಯ ಗಾಜಿನಲ್ಲಿ ಹೋಲಿಸಿದರೆ ಸ್ಥಿರ ಕಿಟಕಿ ಮತ್ತು ಹೊರಕ್ಕೆ ತೆರೆಯುವ ಕೇಸ್‌ಮೆಂಟ್ ನೀರನ್ನು ಅವಕ್ಕಿಂತ ಚೆನ್ನಾಗಿ ತಡೆಯುತ್ತವೆ. ಗಾಜಿನ ಹೆಸರು ನೋಡಿ ಕೊಳ್ಳುವುದು ಬೇಡ. ಇಡೀ ಕಿಟಕಿಗೆ, ಚೌಕಟ್ಟು ಬೀಗ ಎಲ್ಲ ಸೇರಿಸಿ, ಫ್ಲಾರಿಡಾದ ಅನುಮೋದನೆ ಸಂಖ್ಯೆ ಇದೆಯೇ, ಅದರ ಡಿಪಿ ಎಷ್ಟು, ನೀರಿನ ಪರೀಕ್ಷೆ ಎಷ್ಟಕ್ಕೆ ಆಗಿದೆ ಎಂದು ಕೇಳಲಿ. ಎಲ್ಲ ಕಿಟಕಿಗೂ ಹಣ ಸಾಲದಿದ್ದರೆ ಉಳಿದವಕ್ಕೆ ಅನುಮೋದಿತ ಶಟರ್ ಹಾಕಿಸಲಿ, ಗ್ಯಾರೇಜ್ ಬಾಗಿಲನ್ನು ಮರೆಯದಿರಲಿ. ಗಾಜಿಗೆ ಟೇಪ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ. ಒತ್ತಡ ಸಮವಾಗಲಿ ಎಂದು ಚಂಡಮಾರುತದಲ್ಲಿ ಒಂದು ಕಿಟಕಿ ತೆರೆದಿಡುವುದಂತೂ ಮಾಡು ಕಳೆದುಕೊಳ್ಳುವ ದಾರಿ.

ನಿಮಗೆ ಕಡೆಯ ಕೆಲಸ ಒಂದಿದೆ. ಕಿಟಕಿ ಕೂರಿಸಿದ ದಿನ, ಕಡೇ ಕಂತಿನ ಹಣ ಕೊಡುವ ಮುಂಚೆ, ಕಾಫಿಗೆ ನೀರು ಹಾಯಿಸುವ ಪಂಪಿಗೆ ಒಂದು ಪೈಪು ಸಿಕ್ಕಿಸಿ, ಪ್ರತಿ ಪಶ್ಚಿಮದ ಕಿಟಕಿಗೂ ಹೊರಗಿನಿಂದ ಹದಿನೈದು ನಿಮಿಷ ಕೆಳಗಿನಿಂದ ಮೇಲಕ್ಕೆ ನೀರು ಹೊಡೆಸಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ನಾಲ್ಕೂ ಮೂಲೆ ನೋಡುತ್ತಿರಲಿ. ಎಲ್ಲಿ ಒಂದು ಹನಿ ಕಂಡರೂ ಜೋಡಿಸಿದವರು ಇನ್ನೂ ಅಂಗಳದಲ್ಲೇ ಇರುವಾಗ ಸರಿ ಮಾಡಿಸಿ.